ಮೂವತ್ತೆಂಟು ಕೊಠಡಿಗಳ ವೈರಕ್ಕ

ಬೆಳಗಿನ ಆರೂವರೆ. ವಿಶ್ವವಿದ್ಯಾಲಯದ ಹನ್ನೊಂದನೇ ಕೊಠಡಿಯಲ್ಲಿ ಮೇಷ್ಟ್ರೂ ಇಲ್ಲ, ಮಕ್ಕಳೂ ಇಲ್ಲ. ಐವತ್ತೆರಡರ ಹೆಂಗಸೊಬ್ಬರು ಮೈಕಿನ ಮುಂದೆ ನಿಂತು ಪತ್ರಿಕೆಯ ಹವಾಮಾನ ವರದಿಯನ್ನು ಗಟ್ಟಿಯಾಗಿ ಓದುತ್ತಿದ್ದಾರೆ. ಮನೆಯ ಅಡುಗೆಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಕೇಳುತ್ತಿರುವವರು ಅವರ ಗಂಡ, ನಿವೃತ್ತ ಬಸ್ ಚಾಲಕ.

"ಕೇಳ್ತಿದೆ ಕಣೇ, ಆದ್ರೆ ಬಾವಿಯೊಳಗಿಂದ ಮಾತಾಡ್ದಂಗಿದೆ!"

ಆಕೆ ಮೈಕಿನ ವೈರು ಬದಲಿಸುತ್ತಾರೆ. "ಈಗ?"

"ಈಗ ಪಕ್ಕದಲ್ಲೇ ಕೂತು ಬೈದಂಗಿದೆ!"

ಇಬ್ಬರೂ ನಗುತ್ತಾರೆ. ಮುಂದಿನ ಕೊಠಡಿಗೆ ಓಟ, ವರದಿಗೆಂದು ಬಂದ ನಾನು ಹಿಂದೆ.

ಎಲ್ಲರ ಬಾಯಲ್ಲೂ ಇವರು 'ವೈರಕ್ಕ'. ಇಪ್ಪತ್ಮೂರು ವರ್ಷದಿಂದ ಇಲ್ಲಿನ ಕಂಪ್ಯೂಟರ್ ಸಿಬ್ಬಂದಿ. ಅರ್ಧ ಮಕ್ಕಳು ತರಗತಿಯಲ್ಲಿ, ಅರ್ಧ ಮನೆಯಲ್ಲಿ ಎಂಬ ಪಾಠ ಶುರುವಾದಾಗ ದಿನಕ್ಕೆ ಇಪ್ಪತ್ತು ದೂರು ಬರುತ್ತಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ತಲುಪುವಷ್ಟರಲ್ಲಿ ಅರ್ಧ ಪಾಠವೇ ಹಾಳು.

ಒಂದು ಮಧ್ಯಾಹ್ನ, ಬೆನ್ನುಮೂಳೆಗೆ ಪೆಟ್ಟಾಗಿ ಹಾಸಿಗೆಯಲ್ಲೇ ಓದುತ್ತಿದ್ದ ವಿದ್ಯಾರ್ಥಿನಿಯ ಫೋನು ಬಂತು. "ಅಕ್ಕಾ, ಮೂರು ವಾರದಿಂದ ನಂಗೆ ಮೇಷ್ಟ್ರ ತುಟಿ ಆಡೋದು ಮಾತ್ರ ಕಾಣ್ತಿದೆ, ದನಿ ಕೇಳ್ತಿಲ್ಲ. ಹೇಳಿದ್ರೆ ಎಲ್ಲರ ಪಾಠ ನಿಲ್ಲುತ್ತೆ ಅಂತ ಸುಮ್ನಿದ್ದೆ."

"ತಪ್ಪು ನಮ್ದೇ," ಎನ್ನುತ್ತಾರೆ ವೈರಕ್ಕ. "ಒಳಗೆ ಕೂತೋರಿಗೆ ಎಲ್ಲಾ ಸರಿಯಾಗೇ ಇತ್ತು. ಹೊರಗಿರೋರ ಕಿವಿಯಿಂದ ಕೇಳ್ಬೇಕು ಅಂತ ನಮ್ಗೆ ಹೊಳೀಲೇ ಇಲ್ಲ ನೋಡಿ."

ಮರುದಿನವೇ ಗಂಡನನ್ನು 'ವಿದ್ಯಾರ್ಥಿ' ಮಾಡಿಕೊಂಡರು. ಮೂವತ್ತೆಂಟು ಕೊಠಡಿ, ಒಂದೊಂದಕ್ಕೆ ಮೂರು ನಿಮಿಷ, ಬೆಳಿಗ್ಗೆ ಆರಕ್ಕೆ ಶುರುವಾಗಿ ಎಂಟರೊಳಗೆ ಮುಗಿಯಲೇಬೇಕು. ಕ್ಯಾಮೆರಾದ ವೈರಿಗೆ ಕೆಂಪು ಟೇಪು, ಮೈಕಿನದಕ್ಕೆ ಹಳದಿ. ಈಗ ಮೇಷ್ಟ್ರುಗಳೇ ಜೋಡಿಸಿಕೊಳ್ಳುತ್ತಾರೆ. ಒಂದು ಕೊಠಡಿಯಲ್ಲಿ ಪ್ರತಿ ಸೋಮವಾರ ಪರದೆ ಆರುತ್ತಿತ್ತು. ಕಾದು ನೋಡಿದರೆ, ನೆಲ ಒರೆಸುವ ಬಕೆಟ್ಟು ಮೇಜಿನಡಿಯ ಪ್ಲಗ್ಗಿಗೆ ತಾಗುತ್ತಿತ್ತು! ಪ್ಲಗ್ಗು ಮೇಜಿನ ಮೇಲೇರಿತು, ಕಾಟ ತಪ್ಪಿತು. ದಿನದ ದೂರು ಎರಡಕ್ಕಿಳಿದಿದೆ.

ಇವತ್ತು ಹತ್ತು ಗಂಟೆಗೆ ಅದೇ ವಿದ್ಯಾರ್ಥಿನಿಯ ಅಂತಿಮ ಮೌಖಿಕ ಪರೀಕ್ಷೆ. ಕೊಠಡಿ ತುಂಬಿದೆ. ಆಕೆಯ ಮುಖ ಪರದೆಯ ಮೇಲಿದೆ. ಬಾಗಿಲಲ್ಲಿ ನಿಂತ ವೈರಕ್ಕನ ಕಣ್ಣು ಹಳದಿ ಟೇಪಿನ ವೈರಿನ ಮೇಲೇ. ಪರೀಕ್ಷಕರು ಬಿಡದೆ ಪ್ರಶ್ನೆ ಹಾಕುತ್ತಾರೆ. ಹುಡುಗಿ ಅರೆಕ್ಷಣವೂ ತಡವರಿಸದೆ ಉತ್ತರ ಕೊಡುತ್ತಾಳೆ. ನಲವತ್ತನೇ ನಿಮಿಷಕ್ಕೆ ಪರೀಕ್ಷಕರು ಕನ್ನಡಕ ತೆಗೆದು, "ಪಾಸಾದೆಯಮ್ಮ, ಅದೂ ಚೆನ್ನಾಗಿ!" ಎನ್ನುತ್ತಾರೆ. ಚಪ್ಪಾಳೆಗೆ ಕಿಟಕಿ ಗಾಜು ನಡುಗುತ್ತದೆ.

ಸೆರಗಿನಿಂದ ಕಣ್ಣೊರೆಸಿಕೊಂಡ ವೈರಕ್ಕ ನನ್ನತ್ತ ತಿರುಗುತ್ತಾರೆ: "ನಲವತ್ತು ನಿಮಿಷ ಒಬ್ಬರಾದ್ರೂ ನನ್ನ ಹುಡುಕ್ಕೊಂಡು ಬಂದ್ರಾ? ಇಲ್ಲ! ಇವತ್ತು ಊಟ ರುಚಿಯಾಗಿರುತ್ತೆ ಬಿಡಿ."