ಮುದುಕರ ಚೀಲ, ನನ್ನ ಗೆದ್ದಲು

ಇಂಗ್ಲಿಷರ ನಾಡಿನ ಎಜ್‌ವೇರ್‌ನ ಬಸ್ ನಿಲ್ದಾಣದಲ್ಲಿ ನಮ್ಮ ಪಕ್ಕ ಕುಳಿತಿದ್ದ ಯಹೂದಿ ಮುದುಕರ ತೊಡೆಯ ಮೇಲೆ ಹರಿದ ಕಾಗದಗಳ ಚೀಲವೊಂದಿತ್ತು. ನಾವು ಮಂಗಳೂರಿನವರೆಂದು ಮಗಳು ಹೇಳಿದ್ದೇ ತಡ, ಅವರ ಮುಖ ಅರಳಿತು. ಎಂಟೊಂಬತ್ತು ನೂರು ವರ್ಷಗಳ ಹಿಂದೆ ಅವರ ಜನ ಹಡಗು ಹತ್ತಿ ನಮ್ಮೂರಿಗೆ ಮೆಣಸಿನ ವ್ಯಾಪಾರಕ್ಕೆ ಬರುತ್ತಿದ್ದರಂತೆ. ಆ ವ್ಯಾಪಾರಿಗಳ ಪತ್ರಗಳು ಇಂದಿಗೂ ಇವೆಯಂತೆ.

"ಅಷ್ಟು ಕಾಲ ಹೇಗೆ ಉಳಿದವು?" ಎಂದೆ.

"ದೇವರ ಹೆಸರಿರುವ ಕಾಗದವನ್ನು ನಾವು ಎಸೆಯುವುದಿಲ್ಲ. ಕೂಡಿಟ್ಟು, ಆಮೇಲೆ ಮಣ್ಣು ಮಾಡುತ್ತೇವೆ. ಆ ವ್ಯಾಪಾರಿಗಳ ಪತ್ರಗಳ ತಲೆಯಲ್ಲೂ ದೇವರ ಹೆಸರಿತ್ತು; ಅವನ್ನು ಕೈರೋದಲ್ಲಿ ಕೂಡಿಟ್ಟವರು ಮಣ್ಣು ಮಾಡಲು ಮರೆತರು," ಎಂದು ಮುದುಕರು ನಗುತ್ತ ಚೀಲ ತಟ್ಟಿದರು.

ಮಗಳು ನನ್ನತ್ತ ತಿರುಗಿದಳು. "ಅಜ್ಜನ ಕಾಗದದಲ್ಲೂ ಮೇಲೆ ಶ್ರೀ ಅಂತ ಇರ್ತಿತ್ತಲ್ಲ ಅಪ್ಪಾ? ಆ ಕಟ್ಟು ಉಂಟಲ್ಲ?"

ನನ್ನ ಅಪ್ಪ ಮುಂಬಯಿಯಿಂದ ಪ್ರತಿ ವಾರ ಬರೆಯುತ್ತಿದ್ದ ಕಾಗದಗಳು ಅವು. ಊರಿನಿಂದ ಇಲ್ಲಿಗೆ ಹೊರಡುವ ಮುನ್ನ ಅಟ್ಟ ಗುಡಿಸುವ ಮಹತ್ಕಾರ್ಯ ಕೈಗೊಂಡು, ಒಂದನ್ನೂ ಬಿಚ್ಚಿ ನೋಡದೆ, ನಾನೇ ಗುಜರಿಯವನಿಗೆ ಕೊಟ್ಟಿದ್ದೆ.

"ಗೆದ್ದಲು ತಿಂದಿತು ಮಗಾ," ಎಂದೆ.

ಅವಳು ಅದನ್ನು ಇಂಗ್ಲಿಷಿನಲ್ಲಿ ಮುದುಕರಿಗೆ ತಿಳಿಸಿದಳು. ಅವರು ಎದ್ದು ನಿಂತು, ಸಾವಿನ ಮನೆಗೆ ಬಂದವರಂತೆ ನನ್ನ ಎರಡೂ ಕೈ ಹಿಡಿದುಕೊಂಡರು. ಗೆದ್ದಲಿನ ಪರವಾಗಿ ನಾನು ತಲೆ ತಗ್ಗಿಸಿ ನಿಂತೆ.