ಅವ್ವನ ಮಲ್ಲಿಗೆ ಕಡ್ಡಿ

ಮಸ್ಕಿಯ ನಮ್ಮ ಹಿತ್ತಲಿನ ದುಂಡುಮಲ್ಲಿಗೆಯನ್ನು ಬೆಳೆಸಿದವಳು ಅವ್ವ, ಮುಡಿದವಳು ನಾನು. ಅಪ್ಪ ಹೋದ ಮೇಲೆ ಅವಳು ಹೂವು ಮುಡಿಯುವಂತಿರಲಿಲ್ಲ. ಮೊಗ್ಗು ಬಿಡಿಸಿ, ಮಾಲೆ ಕಟ್ಟಿ, ನನಗೆ ಮುಡಿಸಿದರೆ ಅವಳ ಪಾಲು ಮುಗಿಯಿತು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆಯಾದರೂ ಅವ್ವನಿಗೆ ಹೂವು ಮುಡಿಸಬೇಕು ಎಂಬುದೊಂದೇ ಆಸೆ. ಕೈ ಚಾಚಿದಾಗಲೆಲ್ಲ, "ಸುಮ್ಕಿರವ್ವ, ಓಣಿ ಮಂದಿ ನೋಡ್ತಾರ" ಎಂದು ಸೆರಗು ಎಳೆದುಕೊಳ್ಳುತ್ತಿದ್ದಳು. ಆ ಮಂದಿಗೆ ಬೇರೆ ಕೆಲಸವೇ ಇರಲಿಲ್ಲವೇ ಎಂದು ಈಗಲೂ ಕೇಳಬೇಕೆನಿಸುತ್ತದೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನನ್ನನ್ನು ದಢೇಸುಗೂರಿಗೆ ಕೊಟ್ಟರು. ಹೊರಡುವಾಗ ಉಡಿ ತುಂಬಿದವರು ನೆರೆಮನೆಯ ಮುತ್ತೈದೆಯರು. ಬಾಗಿಲ ಹಿಂದೆ ನಿಂತಿದ್ದ ಅವ್ವ ಎಲ್ಲ ಮುಗಿದ ಮೇಲೆ ಬಂದಳು. ಉಸುಕಿನಲ್ಲಿ ಬೇರು ಬಿಡಿಸಿದ್ದ ಎರಡು ಮಲ್ಲಿಗೆ ಕಡ್ಡಿಗಳನ್ನು ಹಸಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು.

"ನಾ ಉಡಿ ತುಂಬಂಗಿಲ್ಲ. ಇದನ್ನರ ಒಯ್ಯಿ."

ಕಾಲುವೆಯ ಆ ಊರಲ್ಲಿ ಅವ್ವನನ್ನು ಬಲ್ಲವರಿಲ್ಲ. ಗಿಡ ಬದುಕಿದರೆ, ಅವಳು ಬಂದಾಗ ಅಲ್ಲಿ ಮುಡಿಸಬಹುದು ಎಂದು ಬಸ್ಸಿನ ದಾರಿಯುದ್ದಕ್ಕೂ ಯೋಚಿಸುತ್ತಾ ಹೋದೆ.

ನನ್ನ ಗಂಡನದು ನೆಲ್ಲು ಬೆಳೆಯುವ ಮನೆತನ. ಅವರಿಗೆ ಸಸಿ ಹಚ್ಚುವುದೆಂದರೆ ಒಂದೇ ರೀತಿ. ನಾನು ಒಳಗಿಂದ ಬರುವಷ್ಟರಲ್ಲಿ ಹಿತ್ತಲಿನ ಎರೆಮಣ್ಣನ್ನು ತುಳಿದು ಕೆಸರು ಮಾಡಿ, ಸುತ್ತ ಒಡ್ಡು ಕಟ್ಟಿ, ಒಂದು ಕಡ್ಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೆಟ್ಟು, ಗೇಣು ನೀರು ನಿಲ್ಲಿಸಿದ್ದರು. "ಹೆಂಗ್ ಬರ್ತೈತಿ ನೋಡು" ಎಂದು ಮೀಸೆ ಬೇರೆ ತಿರುವಿದರು. ಪ್ರೀತಿಯಿಂದಲೇ ಮಾಡಿದ್ದು, ಏನೆಂದು ಬೈಯಲಿ? ಕೆಲವೇ ದಿನಗಳಲ್ಲಿ ಕಡ್ಡಿ ಕೊಳೆತು ಹೋಯಿತು.

ಇನ್ನೊಂದಕ್ಕೆ ಅವರ ಕೈ ತಾಕಗೊಡಲಿಲ್ಲ. ಅದನ್ನು ಉಸುಕು ತುಂಬಿದ ಒಂದು ಗಡಿಗೆಯಲ್ಲಿ ಇಟ್ಟುಕೊಂಡು, ಗೋಡೆ ಬದಿಗೆ ಮಣ್ಣಿನ ದಿಬ್ಬ ಮಾಡಿದೆ. ತಿಪ್ಪೆಯ ತಳದ ಹಳೇ ಗೊಬ್ಬರ, ಕುರಿ ಹಿಕ್ಕಿ, ಬೇವಿನ ತರಗೆಲೆ ಬೆರೆಸಿ ಬಿಟ್ಟೆ. ಮಣ್ಣಿನ ಕಾವು ಆರಿ, ಕೆದರಿದಲ್ಲೆಲ್ಲ ಎರೆಹುಳ ಹೊರಳಾಡತೊಡಗಿದ ಮೇಲೆ, ಒಂದು ಸಂಜೆ ಬೇರು ಅಲುಗದಂತೆ ಕಡ್ಡಿಯನ್ನು ಇಳಿಸಿದೆ. ಚಿಗುರು ಕಂಡ ದಿನ ಅವ್ವನನ್ನೇ ಕಂಡಂತಾಗಿ ಅತ್ತುಬಿಟ್ಟೆ.

ಗಿಡ ಹಬ್ಬಿತು, ಹೂವು ಬಿಟ್ಟಿತು. ಅವ್ವ ಮಾತ್ರ ಬರಲಿಲ್ಲ. ಪ್ರತಿ ಬೇಸಿಗೆಗೂ ಅವಳಿಗೊಂದು ನೆಪ. ಒಮ್ಮೆ ಎಮ್ಮೆ ಈಯುವುದು, ಒಮ್ಮೆ ಮಾಳಿಗೆಗೆ ಮಣ್ಣು ಹಾಕಿಸುವುದು. ನಾನು ಮಾಲೆ ಕಟ್ಟಿ ಕಾದು, ಬಾಡಿದ ಮೇಲೆ ತೆಗೆದೆಸೆಯುತ್ತಿದ್ದೆ.

ಕೊನೆಗೂ ಬಂದದ್ದು ತೊಂಬತ್ತರ ದಶಕ ಮುಗಿಯುವಾಗ, ಸಿಂಧನೂರಿನ ದವಾಖಾನೆಗೆ ತೋರಿಸಿಕೊಳ್ಳಲು. ಅಂದು ಸಂಜೆ ಮಾಲೆ ಹಿಡಿದು ಜಗಳಕ್ಕೇ ನಿಂತೆ. "ಇಲ್ಲಿ ಯಾರ ಅದಾರ ಬೇ ನಿನ್ನ ನೋಡಾಕ?"

ಅವ್ವ ಗಿಡವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನಗೆ ಬೆನ್ನು ಮಾಡಿ ಕೂತು, "ಮುಡಸವ್ವ" ಎಂದಳು.

ಸೆರಗು ಸರಿಸಿದೆ. ಹೂವು ನಿಲ್ಲುವಷ್ಟು ಕೂದಲು ಉಳಿದಿರಲಿಲ್ಲ.