ಘಮವಿಲ್ಲದ ಹೂದೋಟ

ಚರಂಡಿ ಕೆಲಸದವರು ನಮ್ಮ ಗೇಟಿನ ಪಕ್ಕದ ಗಿಡವನ್ನು ಕಿತ್ತುಹಾಕಿದ್ದರು. ಆ ಜಾಗಕ್ಕೆ ಹೊಸದೊಂದನ್ನು ಆರಿಸಲು ಕಳೆದ ವಾರ ಮಾದನಾಯಕನಹಳ್ಳಿಯ ನರ್ಸರಿಗೆ ಹೋಗಿದ್ದೆ. ನರ್ಸರಿಯಾತ ಸಂಪಿಗೆ ಹೂವೊಂದನ್ನು ಕಿತ್ತು ನನ್ನ ಕೈಗಿಟ್ಟ. ಆ ಘಮ ಮೂಗಿಗೆ ಬಡಿದದ್ದೇ ಪಕ್ಕದ ಮನೆ ಅಂಕಲ್ ನೆನಪಾದರು...

ನಾವು ಪೀಣ್ಯದ ಹತ್ತಿರ ಮನೆ ಕಟ್ಟಿಸಿಕೊಂಡು ಬಂದಾಗ ಅವರು ಸರ್ಕಾರಿ ಕಾರ್ಖಾನೆಯೊಂದರಿಂದ ಆಗಷ್ಟೇ ನಿವೃತ್ತರಾಗಿದ್ದರು. ಮನೆಯಲ್ಲಿ ಅವರು, ಆಂಟಿ, ಇಬ್ಬರೇ. ಮಕ್ಕಳಿರಲಿಲ್ಲ. ಗೇಟಿನಿಂದ ಬಾಗಿಲವರೆಗಿನ ಅಂಗೈಯಗಲದ ಜಾಗದಲ್ಲಿ ಕೆಂಪು, ಹಳದಿ, ಬಿಳಿ ದಾಸವಾಳ, ಕಾಗದದ ಹೂವಿನ ಕಮಾನು, ಬಣ್ಣಬಣ್ಣದ ಕ್ರೋಟನ್. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು ಅಲ್ಲಿ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು. ಅಷ್ಟು ಹೂಗಳಲ್ಲಿ ಒಂದಕ್ಕೂ ಪರಿಮಳವಿರಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದು, ನಮ್ಮ ಮನೆಗೆ ಗಿಡ ಕೊಡಿಸಲು ಅವರು ನನ್ನನ್ನು ಕರೆದುಕೊಂಡು ಹೋದ ದಿನ.

ನಾನು ಸಂಪಿಗೆ ಸಸಿ ಎತ್ತಿಕೊಂಡೆ. ಅಂಕಲ್ ಅದರ ಹೂವನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ತುಂಬ ಹೊತ್ತು ಹಾಗೇ ನಿಂತುಬಿಟ್ಟರು. ಆಮೇಲೆ ಸಂಕೋಚದಿಂದ ಹೇಳಿದರು: "ಬೇಜಾರ್ ಮಾಡ್ಕೋಬೇಡಮ್ಮ, ಸಂಪಿಗೆ ಬೇಡ. ನಮ್ಮನೆಯವಳಿಗೆ ವಾಸನೆ ಹೂವು ಆಗಲ್ಲ, ಉಸಿರು ಹಿಡ್ಕೊಳುತ್ತೆ. ಮದ್ವೆ ದಿನ ಹಾರ ಹಾಕ್ಕೊಂಡೇ ಒದ್ದಾಡಿಬಿಟ್ಲು. ಅವತ್ತಿಂದ ನಮ್ಮನೇಲಿ ದೇವ್ರಿಗೂ ದಾಸವಾಳಾನೇ."

ಸಂಪಿಗೆ ಬಿಟ್ಟು ದಾಸವಾಳ ತಂದು ಗೇಟಿನ ಪಕ್ಕ ನೆಟ್ಟೆ. ಆದರೆ ಮುಂದಿನ ವರ್ಷ ನನ್ನಮ್ಮ ಊರಿನಿಂದ ದುಂಡುಮಲ್ಲಿಗೆ ಗಿಡ ತಂದು ಹಿತ್ತಲಲ್ಲಿ ನೆಟ್ಟು ಹೋದರು. ಹಿತ್ತಲಲ್ಲವೇ ಎಂದು ನಾನೂ ಸುಮ್ಮನಿದ್ದೆ. ಬೇಸಿಗೆಯಲ್ಲಿ ಅದು ಮೈತುಂಬ ಹೂ ಬಿಟ್ಟಾಗ ಹೆದರಿಕೆಯಾಯಿತು. ಕಿತ್ತು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಆಂಟಿಗೆ ಹೇಳಲು ಹೋದೆ.

"ಕೀಳ್ಬೇಡ ಕಣೇ," ಎಂದರು ಆಂಟಿ. "ಬೆಳಿಗ್ಗೆ ಹಾಲು ತರೋವಾಗ ಅವರು ನಿಮ್ ಕಾಂಪೌಂಡ್ ಹತ್ರ ಒಂಚೂರು ನಿಂತ್ಕೋತಾರೆ, ನೋಡಿದೀನಿ. ನಾನು ಆ ಕಡೆ ಕಿಟಕಿ ಹಾಕ್ಕೋತೀನಿ ಬಿಡು. ಅವ್ರಿಗೆ ಮಾತ್ರ ಹೇಳ್ಬೇಡ."

ಅಂದಿನಿಂದ ಸೆಕೆಗಾಲದಲ್ಲೂ ಆ ಕಿಟಕಿ ತೆರೆಯಲಿಲ್ಲ.

ಕೆಲವು ವರ್ಷಗಳ ನಂತರ, ಒಂದು ಚಳಿಗಾಲದಲ್ಲಿ ಆಂಟಿ ಕೆಮ್ಮು ಜೋರಾಗಿ ಆಸ್ಪತ್ರೆ ಸೇರಿದವರು ಮನೆಗೆ ಮರಳಲಿಲ್ಲ. ಅಂಕಲ್ ಮಾತು ಕಡಿಮೆ ಮಾಡಿದರು. ದಾಸವಾಳಕ್ಕೆ ಬಿಳಿ ಹುಳ ಹತ್ತಿದರೂ ನೋಡುತ್ತಿರಲಿಲ್ಲ. ಅವರ ಮನಸ್ಸಿಗೆ ಏನಾದರೊಂದು ಆಸರೆ ಇರಲಿ ಎಂದು ಮಲ್ಲಿಗೆಯ ಕಡ್ಡಿಯೊಂದನ್ನು ಕುಂಡದಲ್ಲಿ ಚಿಗುರಿಸಿ ಒಯ್ದೆ.

ಅವರು ಅದನ್ನು ಮುಟ್ಟಲಿಲ್ಲ. "ಬೇಡಮ್ಮ. ಈಗ ಹಾಕಿದ್ರೆ ಅವಳು ಹೋಗ್ಲಿ ಅಂತ ಕಾಯ್ತಿದ್ದಂಗಾಗುತ್ತೆ."

ನನಗೆ ತಡೆಯಲಾಗಲಿಲ್ಲ. ಅವರು ಕಾಂಪೌಂಡಿನ ಬಳಿ ನಿಲ್ಲುತ್ತಿದ್ದುದು ಆಂಟಿಗೆ ಗೊತ್ತಿತ್ತೆಂದೂ, ಗಿಡ ಕೀಳಬೇಡವೆಂದು ಆಂಟಿಯೇ ಹೇಳಿದ್ದರೆಂದೂ, ಕಿಟಕಿ ಮುಚ್ಚಿದ್ದು ಅದಕ್ಕೇ ಎಂದೂ ಹೇಳಿಬಿಟ್ಟೆ.

"ಸೊಳ್ಳೆ ಬರುತ್ತೆ ಅಂತಿದ್ಲಲ್ಲಮ್ಮ..." ಎಂದರು. ಎದ್ದು ಹೋಗಿ ಆ ಕಿಟಕಿಯ ಚಿಲಕ ಎಳೆದರು. ಅದು ತುಕ್ಕು ಹಿಡಿದಿತ್ತು. ಇಬ್ಬರೂ ಸೇರಿ ನೂಕಿದ ಮೇಲೆ ತೆರೆಯಿತು. ಆಂಟಿಯ ಮಂಚದ ಅಂಚಿನಲ್ಲಿ ಕುಳಿತು ಅವರು ಮಗುವಿನಂತೆ ಅತ್ತರು. ಕುಂಡವನ್ನು ನಾನೇ ವಾಪಸ್ಸು ತಂದೆ.

ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅಂಕಲ್ ಕೂಡ ಹೋದರು. ಸಂಬಂಧಿಕರು ಮನೆ ಮಾರಿದರು. ಕಾಗದದ ಹೂವಿನ ಕಮಾನನ್ನು ಜೆಸಿಬಿ ಒಂದೇ ಏಟಿಗೆ ಎಳೆದುಹಾಕಿತು. ಈಗ ಅಲ್ಲಿ ನಾಲ್ಕಂತಸ್ತಿನ ಪಿಜಿ ಎದ್ದಿದೆ, ಒಂದು ಕುಂಡ ಇಡಲೂ ಜಾಗ ಬಿಟ್ಟಿಲ್ಲ.

"ಯಾವುದ್ ಕೊಡ್ಲಿ ಮೇಡಂ?" ಎಂದು ನರ್ಸರಿಯಾತ ಕೇಳುತ್ತಲೇ ಇದ್ದ. ನಮ್ಮ ಗೇಟಿನ ಪಕ್ಕ ಈಗ ಯಾವ ಗಿಡ ಬೇಕಾದರೂ ನೆಡಬಹುದು. ಬೇಡಮ್ಮ ಎನ್ನುವವರು ಯಾರೂ ಉಳಿದಿಲ್ಲ.